ಭಾರ ಎತ್ತುವ ಮೊದಲು ಸ್ನಾಯು ಎಳೆದು ಕೂರುವವರಿಗೆ

ಜಿಮ್‌ಗೆ ಬಂದ ಕೂಡಲೇ ಕಾಲು ಚಾಚಿ ಕೂತು, ಹೆಬ್ಬೆರಳು ಹಿಡಿದು ಎರಡೆರಡು ನಿಮಿಷ ಬಾಗುವುದು, ಎದ್ದವರೇ ನೇರ ಸ್ಕ್ವಾಟ್‌ಗೆ (ಹೆಗಲ ಮೇಲೆ ಭಾರ ಹೊತ್ತು ಕೂತೇಳುವ ವ್ಯಾಯಾಮ) ನಿಲ್ಲುವುದು. ಈ ಅಭ್ಯಾಸ ಬಿಡಿ. ಸ್ಟ್ರೆಚಿಂಗ್ ಕೆಟ್ಟದ್ದೇನಲ್ಲ, ಮಾಡುತ್ತಿರುವ ಹೊತ್ತು ಸರಿಯಿಲ್ಲ.

ವ್ಯಾಯಾಮ ವಿಜ್ಞಾನಿ ಡೇವಿಡ್ ಬೆಮ್ ಮತ್ತು ಸಂಗಡಿಗರು 2016ರಲ್ಲಿ ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಒಂದು ಸ್ನಾಯುವನ್ನು 60 ಸೆಕೆಂಡ್ ಅಥವಾ ಹೆಚ್ಚು ಹೊತ್ತು ಎಳೆದು ಹಿಡಿದಲ್ಲಿ ಸಾಮರ್ಥ್ಯ ಸರಾಸರಿ ಶೇ. 4.6 ಇಳಿದಿತ್ತು, ಅದಕ್ಕಿಂತ ಕಡಿಮೆ ಹಿಡಿದಲ್ಲಿ ಶೇ. 1.1 ಮಾತ್ರ. ಇಲ್ಲಿ ಲೆಕ್ಕಕ್ಕೆ ಬರುವುದು ಒಟ್ಟು ಸಮಯ. 20 ಸೆಕೆಂಡಿನಂತೆ ಮೂರು ಸಲ ಎಳೆದರೂ 60 ಆಗಿಹೋಯಿತು. 2000ದ ಒಂದು ಪ್ರಯೋಗದಲ್ಲಿ ಮೀನಖಂಡವನ್ನು ಸುಮಾರು ಅರ್ಧ ಗಂಟೆ ಎಳೆಸಿದಾಗ ಬಲ ಶೇ. 28 ಕುಸಿದು, ಒಂದು ಗಂಟೆ ಕಳೆದರೂ ಶೇ. 9 ಕೊರತೆ ಉಳಿದಿತ್ತು. ಅಷ್ಟು ಹೊತ್ತು ಯಾರೂ ಎಳೆಯುವುದಿಲ್ಲ ಬಿಡಿ, ಆದರೆ ಗಾಳಿ ಯಾವ ಕಡೆ ಬೀಸುತ್ತದೆಂದು ತಿಳಿಯಿತಲ್ಲ.

ಯಾಕೆ ಹೀಗೆ? ಮುಖ್ಯ ಕಾರಣ ನರಗಳದ್ದು: ಬೆನ್ನುಹುರಿಯಿಂದ ಸ್ನಾಯುವಿಗೆ ಹೋಗುವ ಆಜ್ಞೆ ಸ್ವಲ್ಪ ಹೊತ್ತು ಮಂಕಾಗುತ್ತದೆ. ಜೊತೆಗೆ ಸ್ನಾಯು ಮತ್ತು ಅದನ್ನು ಮೂಳೆಗೆ ಜೋಡಿಸುವ ಸ್ನಾಯುರಜ್ಜುವಿನ ಬಿಗಿ ಸಡಿಲವಾಗಿ, ಹುಟ್ಟಿದ ಬಲ ಮೂಳೆಗೆ ತಲುಪುವುದು ತಡವಾಗಬಹುದು. ಸ್ನಾಯು ಮುದುಡಿಕೊಂಡಿರುವ ಕೋನದಲ್ಲಿ ನಷ್ಟ ಹೆಚ್ಚು ಕಾಣುತ್ತದೆ. ತೊಡೆಯ ಹಿಂಭಾಗವನ್ನು ಚೆನ್ನಾಗಿ ಎಳೆದು ಲೆಗ್ ಕರ್ಲ್‌ಗೆ (ಬೋರಲು ಮಲಗಿ ಮಂಡಿ ಮಡಚಿ ಭಾರ ಎಳೆಯುವ ವ್ಯಾಯಾಮ) ಮಲಗಿದರೆ, ಮಂಡಿ ಪೂರ್ತಿ ಮಡಚುವ ಕೊನೆಯ ಭಾಗದಲ್ಲೇ ಕಾಲು ಕೈಕೊಡುವುದು.

ಬದಲಿಗೆ ಹೀಗೆ ಮಾಡಿ. ಮೈ ಬೆಚ್ಚಗಾಗುವಷ್ಟು, 5 ನಿಮಿಷ, ನಿಧಾನ ಓಟ ಅಥವಾ ಸೈಕಲ್. ಆಮೇಲೆ ಕಾಲನ್ನು ಹಿಂದೆ ಮುಂದೆ ಬೀಸುವುದು, ನಡೆಯುತ್ತಾ ಲಂಜ್ (ಒಂದು ಕಾಲು ಮುಂದಿಟ್ಟು ಮಂಡಿ ಬಾಗಿಸಿ ಇಳಿಯುವುದು), ಭಾರವಿಲ್ಲದ ಸ್ಕ್ವಾಟ್, ತಲಾ 10 ಸಲ. ಕಾಲು ಬೀಸುವಾಗ ಸೊಂಟ ಹಿಂದೆ ಮುಂದೆ ತೂಗಿದರೆ ಕಾಲನ್ನು ಅತಿಯಾಗಿ ಎಸೆಯುತ್ತಿದ್ದೀರಿ ಎಂದೇ ಅರ್ಥ; ಎತ್ತರ ಇಳಿಸಿ. ನಂತರ ಮೆಟ್ಟಿಲು ಹತ್ತಿದಂತೆ ಭಾರ: 80 ಕೆಜಿಗೆ ಸ್ಕ್ವಾಟ್ ಮಾಡುವವರು ಖಾಲಿ 20 ಕೆಜಿ ರಾಡ್‌ಗೆ 8 ಸಲ, 40 ಕೆಜಿಗೆ 5, 60ಕ್ಕೆ 3, 70ಕ್ಕೆ 1. ಬೆವರು ಕಿತ್ತು ಬರುವಷ್ಟು ವಾರ್ಮ್ ಅಪ್ ಮಾಡಿದರೆ ದಣಿವೇ ಬಲ ತಿನ್ನುತ್ತದೆ.

ಸ್ಕ್ವಾಟ್‌ನಲ್ಲಿ ಕೂತಾಗ ಹಿಮ್ಮಡಿ ಎದ್ದುಬರುವಷ್ಟು ಬಿಗಿಯಾದ ಪಾದದ ಕೀಲು ಇರುವವರು ಮೀನಖಂಡವನ್ನು 15–20 ಸೆಕೆಂಡ್, ಒಂದೆರಡು ಸಲ ಎಳೆಯಬಹುದು, ಆದರೆ ಮೇಲಿನ ಚಲನೆಗಳಿಗೆ ಮೊದಲೇ. ಆಮೇಲೆ ಪೂರ್ತಿ ವಾರ್ಮ್ ಅಪ್ ನಡೆದರೆ ಆ ಚಿಕ್ಕ ನಷ್ಟವೂ ಹೆಚ್ಚುಕಡಿಮೆ ಅಳಿಸಿಹೋಗುತ್ತದೆ. ಎಳೆದ ಮರುಕ್ಷಣವೇ ಜಿಗಿಯುವುದು, ಗರಿಷ್ಠ ಭಾರ ಎತ್ತುವುದು ಮಾತ್ರ ಬೇಡ.

“ಎಳೆಯದಿದ್ದರೆ ಪೆಟ್ಟಾಗುತ್ತದಲ್ಲ?” ಎಂದು ಕೇಳುವವರಿದ್ದಾರೆ. ಆಸ್ಟ್ರೇಲಿಯಾದ ಸೇನೆಗೆ ಸೇರಿದ 1,538 ಹೊಸಬರ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವ್ಯಾಯಾಮಕ್ಕೆ ಮುಂಚೆ ಎಳೆದವರಿಗೂ ಎಳೆಯದವರಿಗೂ ಕಾಲಿನ ಗಾಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಮರುದಿನದ ಮೈಕೈ ನೋವಿಗೂ ಅದು ಮದ್ದಲ್ಲ.

ಜಿಮ್ನಾಸ್ಟಿಕ್ಸ್, ನೃತ್ಯದವರ ಮಾತೇ ಬೇರೆ. ಕಾಲು ಪೂರ್ತಿ ಅಗಲಿಸಲೇಬೇಕಾದಾಗ ಒಂದೆರಡು ಶೇಕಡಾ ಬಲ ಹೋದರೂ ನಡೆಯುತ್ತದೆ. ಮೈ ಬಾಗಿಸಿಕೊಳ್ಳಬೇಕೆನ್ನುವ ಉಳಿದವರು ವ್ಯಾಯಾಮ ಮುಗಿದ ಮೇಲೋ ಬೇರೆ ಹೊತ್ತಲ್ಲೋ ಒಂದೊಂದು ಸ್ನಾಯುವಿಗೆ 30 ಸೆಕೆಂಡಿನಂತೆ ಎರಡು ಸಲ ಎಳೆಯಿರಿ. ಹಾಗೆ ವಾರಗಟ್ಟಲೆ ಮಾಡಿದರೂ ಬಲ ಕುಗ್ಗುವುದಿಲ್ಲ.