ಕಿಣ್ವಕ್ಕಿಂತ ಒದ್ದೆ ಬೀಜದ ಚಿಂತೆ ಜಾಸ್ತಿ

ಎಣ್ಣೆ ಬೀಜಕ್ಕೆ ಕಿಣ್ವ (ಎನ್‌ಜೈಮ್) ಹಾಕಿ ಹಿಂಡಿದರೆ ಎಣ್ಣೆ ಜಾಸ್ತಿ ಬರುತ್ತದೆ ಎಂದು ನಾನು ಓದಿದ ಒಂದು ಲೇಖನ ಹೇಳುತ್ತದೆ. ಅದು ನಿಜ. ಕೆಲವರು ಇದನ್ನೂ ‘ಕೆಮಿಕಲ್ ಎಣ್ಣೆ’ ಅನ್ನುತ್ತಾರೆ, ಅದು ಸರಿಯಲ್ಲ. ಕೆಮಿಕಲ್ ಹಾಕಿ ಎಣ್ಣೆ ತೆಗೆಯುವಾಗ ಬಳಸುವ ಹೆಕ್ಸೇನ್ ಎಂಬ ದ್ರಾವಕ ಎಣ್ಣೆಯನ್ನೇ ಕರಗಿಸಿ ಹೊರತೆಗೆಯುತ್ತದೆ. ಸೆಲ್ಯುಲೇಸ್, ಪೆಕ್ಟಿನೇಸ್‌ನಂಥ ಕಿಣ್ವಗಳು ಬೀಜದ ಜೀವಕೋಶದ ಗೋಡೆಯನ್ನು ಸಡಿಲ ಮಾಡುತ್ತವೆ, ಅಷ್ಟೇ. ಆಮೇಲೆ ಹಿಂಡುವುದು ಗಾಣವೇ. ಕಿಣ್ವ ಒಂದು ಪ್ರೋಟೀನ್. ಅದು ಎಣ್ಣೆಯಲ್ಲಿ ಕರಗುವುದಿಲ್ಲ, ಬಹುಪಾಲು ಹಿಂಡಿಯಲ್ಲೇ ಉಳಿಯುತ್ತದೆ.

ನನ್ನ ಚಿಂತೆ ನೀರಿನದು. ಕಿಣ್ವ ಕೆಲಸ ಮಾಡಬೇಕಾದರೆ ಬೀಜ ಒದ್ದೆಯಾಗಬೇಕು. ಸಾಮಾನ್ಯವಾಗಿ 45–50 ಡಿಗ್ರಿ ಬಿಸಿಯಲ್ಲಿ ಕೆಲವು ಗಂಟೆ ಇಡಬೇಕು. ಹಿಂಡುವ ಮುಂಚೆ ಮತ್ತೆ ಒಣಗಿಸಬೇಕು. ಬಿಸಿಲಿಲ್ಲದ ದಿನ ಒದ್ದೆ ಶೇಂಗಾ ಹಾಗೇ ಬಿದ್ದಿದ್ದರೆ ಬೂಷ್ಟು ಹಿಡಿಯುತ್ತದೆ, ಅಫ್ಲಾಟಾಕ್ಸಿನ್ ವಿಷ ಸೇರಬಹುದು. ಆ ಹಿಂಡಿಯನ್ನೇ ಹಸುಗಳಿಗೆ ಹಾಕುವುದು ಅಲ್ವಾ? ತಿಂದ ವಿಷದ ಒಂದು ಪಾಲು ಹಾಲಿಗೂ ಬರುತ್ತದೆ.

ದೊಡ್ಡ ಮಿಲ್‌ಗಳ ಹತ್ತಿರ ಡ್ರೈಯರ್ ಇರುತ್ತದೆ. ಊರಿನ ಸಣ್ಣ ಗಾಣದವರು ಏನು ಮಾಡಬೇಕು? ಹೆಚ್ಚು ಸಿಗುವ ಎಣ್ಣೆಯ ಬೆಲೆಯ ಪಕ್ಕದಲ್ಲಿ ಕಿಣ್ವದ ಬೆಲೆ, ಒಣಗಿಸುವ ಕರೆಂಟ್ ಖರ್ಚು ಎರಡನ್ನೂ ಇಟ್ಟು, ಲೇಖಕರೇ, ಒಂದು ಲೆಕ್ಕ ಕೊಡಿ, ದಯವಿಟ್ಟು.