ಇಪ್ಪತ್ತು ಪಿಕ್ಕದ ಗಂಟೆ

ನಮ್ಮ ಶಾಲೆಯಲ್ಲಿ ಒಂದು ಬ್ಯಾಂಕ್ ಇತ್ತು. ಹಳೇ ಉಪ್ಪಿನಕಾಯಿ ಬಾಟಲಿ, ಅದರೊಳಗೆ ನೂರು ಹುಣಸೆ ಪಿಕ್ಕ. ಮ್ಯಾನೇಜರ್ ನಾನೇ. ಆಷಾಢದಲ್ಲಿ ಶುರುವಾದ ಬ್ಯಾಂಕು ಶಿವರಾತ್ರಿ ಹೊತ್ತಿಗೆ ದಿವಾಳಿಯಾಯಿತು.

ನಾನು ನಲಿ-ಕಲಿ ಟೀಚರ್. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಇದು. ಕಾರ್ಡು ನೋಡಿಕೊಂಡು ಪ್ರತಿ ಮಗುವೂ ತನ್ನದೇ ವೇಗದಲ್ಲಿ ಕಲಿಕಾ ಏಣಿ ಹತ್ತಬೇಕು. ಅಕ್ಷರವೂ ‘ಅ ಆ ಇ ಈ’ ಅಂತ ಶುರುವಾಗಲ್ಲ, ‘ರ ಗ ಸ ದ ಅ’ ಅಂತ ಶುರುವಾಗುತ್ತದೆ. ಬರೆಯಲು ಸುಲಭವಾದದ್ದು ಮೊದಲು. ಇದು ಗೊತ್ತಿಲ್ಲದ ಅಜ್ಜಿಯೊಬ್ಬರು ಊರಲ್ಲೆಲ್ಲ ಸುದ್ದಿ ಹಬ್ಬಿಸಿದ್ದರು: ‘ಪಾಪ, ಹೊಸ ಮಿಸ್ಸಿಗೆ ಅ ಆ ಇ ಈನೇ ಸರಿಯಾಗಿ ಬರಲ್ವಂತೆ.’

ಒಬ್ಬ ಹಾಡುತ್ತಿರುತ್ತಾನೆ, ಒಬ್ಬಳು ಗೋಡೆ ಹಲಗೆ ಮೇಲೆ ಬರೆಯುತ್ತಿರುತ್ತಾಳೆ, ಇನ್ನೊಬ್ಬ ಕಿರುಬೆರಳು ಎತ್ತಿಕೊಂಡು ಕುಣಿಯುತ್ತಿರುತ್ತಾನೆ. ಇವರನ್ನೆಲ್ಲ ಸಂಭಾಳಿಸಲು ಮೊದಲು ಸ್ಟಾರ್ ಸ್ಟಿಕ್ಕರ್ ತಂದೆ. ಚೆನ್ನಾಗಿ ಕೂತವರ ಹಣೆಗೆ ಒಂದು ಸ್ಟಾರ್. ಮೂರನೇ ದಿನ ಒಬ್ಬ ಹುಡುಗ ಮುಖದ ತುಂಬ ಅಂಟಿಸಿಕೊಂಡು ಬಂದ. ಹತ್ತಿರ ಹೋಗಿ ನೋಡಿದರೆ, ಅವರಮ್ಮನ ಹಣೆಬೊಟ್ಟಿನ ಶೀಟೇ ಖಾಲಿ! ಮತ್ತೊಬ್ಬಳ ಹಣೆಯ ಸ್ಟಾರ್ ರಾತ್ರೋರಾತ್ರಿ ಮಾಯವಾಗಿತ್ತು. ಕೇಳಿದ್ದಕ್ಕೆ, ‘ನಮ್ ಮೇಕೆಮರಿ ರಾತ್ರಿಯೆಲ್ಲ ಗಲಾಟೆ ಮಾಡ್ಲಿಲ್ಲ ಮಿಸ್, ಅದಕ್ಕೇ ಕೊಟ್ಬಿಟ್ಟೆ’ ಅಂದಳು. ನನ್ನ ನಿಯಮದ ಪ್ರಕಾರ ಅದು ಸರಿಯೇ ಇತ್ತು.

ಆಮೇಲೆ ಬಂದದ್ದು ಪಿಕ್ಕ. ಕಾರ್ಡು ಮುಗಿಸಿದರೆ ಒಂದು ಪಿಕ್ಕ, ತಟ್ಟೆ ತೊಳೆದಿಟ್ಟರೆ ಒಂದು. ಐದು ಪಿಕ್ಕಕ್ಕೆ ಪೆನ್ಸಿಲ್, ಹತ್ತಕ್ಕೆ ಬಣ್ಣದ ರಬ್ಬರ್. ಕೊನೆಯಲ್ಲಿ, ಇರಲಿ ಅಂತ ಸುಮ್ನೆ ಒಂದು ಸೇರಿಸಿದೆ: ಇಪ್ಪತ್ತು ಪಿಕ್ಕಕ್ಕೆ ಶಾಲೆಯ ಗಂಟೆ ಹೊಡೆಯುವ ಅವಕಾಶ. ಬೇವಿನ ಮರಕ್ಕೆ ನೇತು ಹಾಕಿದ ರೈಲು ಕಂಬಿಯ ತುಂಡು ಅದು. ಅಷ್ಟು ಕೂಡಿಡುವ ತಾಳ್ಮೆ ಯಾರಿಗಿದೆ ಅಂದುಕೊಂಡಿದ್ದೆ.

ಆಗಸ್ಟ್‌ನಲ್ಲೇ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಬಡ್ಡಿ ವ್ಯವಹಾರಕ್ಕೆ ಇಳಿದಳು. ಎರಡು ಕೊಟ್ಟರೆ ಶನಿವಾರ ಮೂರು ವಾಪಸ್. ಗಣಿತದಲ್ಲಿ ಚುರುಕಾಗಿದ್ದಾಳೆ ಅಂತ ಖುಷಿಪಡಬೇಕೋ, ಬೈಯಬೇಕೋ ಗೊತ್ತಾಗಲಿಲ್ಲ. ಅದಕ್ಕಿಂತ ಬೇಜಾರಾದದ್ದು ಚಿತ್ರ ಬಿಡಿಸುವ ಹುಡುಗನ ವಿಷಯದಲ್ಲಿ. ಮೊದಲೆಲ್ಲ ಸೀಮೆಸುಣ್ಣದ ಚೂರು ಸಿಕ್ಕರೆ ಸಾಕು, ನೆಲದ ಮೇಲೆಲ್ಲ ಟ್ರ್ಯಾಕ್ಟರ್ ಬಿಡಿಸುತ್ತಿದ್ದ. ಈಗ ‘ಒಂದು ನವಿಲು ಬಿಡಿಸೋ ಪುಟ್ಟಾ’ ಅಂದರೆ, ‘ಎಷ್ಟು ಪಿಕ್ಕ?’ ಅಂತ ಕೇಳಿದ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲೂ ಹೀಗೇ ಆಗಿತ್ತಂತೆ. 1973ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ, ಚಿತ್ರ ಬಿಡಿಸಿದರೆ ರಿಬ್ಬನ್ ಇರುವ ಸರ್ಟಿಫಿಕೇಟ್ ಕೊಡ್ತೀವಿ ಅಂತ ಹೇಳಿಸಿಕೊಂಡಿದ್ದ ಮಕ್ಕಳು, ಆಮೇಲೆ ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಇದನ್ನು ನಾನು ಓದಿದ್ದು ಪಿಕ್ಕವನ್ನೆಲ್ಲ ಹಂಚಿಯಾದ ಮೇಲೆ.

ಆದರೂ ಬ್ಯಾಂಕನ್ನು ಮುಳುಗಿಸಿದ್ದು ಮನಃಶಾಸ್ತ್ರವಲ್ಲ, ಹುಣಸೆ ಸುಗ್ಗಿ. ನಮ್ಮದು ತುಮಕೂರು ಕಡೆಯ ಊರು. ಫೆಬ್ರವರಿ ಬಂತೆಂದರೆ ಮನೆಮನೆ ಜಗುಲಿಯಲ್ಲೂ ಹೆಂಗಸರು ಹುಣಸೆಹಣ್ಣು ಕುಟ್ಟುತ್ತಾ ಕೂತಿರುತ್ತಾರೆ. ಹಣ್ಣು ಒಂದು ಕಡೆ, ಪಿಕ್ಕ ಇನ್ನೊಂದು ಕಡೆ ರಾಶಿ. ಇಂಥ ಊರಲ್ಲಿ ಪಿಕ್ಕವನ್ನು ದುಡ್ಡು ಮಾಡಿದ ನನ್ನ ಬುದ್ಧಿಗೆ ಏನು ಹೇಳಲಿ! ಒಂದು ಸೋಮವಾರ ಹುಡುಗನೊಬ್ಬ ಚಡ್ಡಿ ಜೇಬು ಜೋತಾಡಿಸಿಕೊಂಡು ಬಂದು ಟೇಬಲ್ ಮೇಲೆ ಸುರಿದ. ‘ಇರೋ ಪೆನ್ಸಿಲ್ ಎಲ್ಲ ಕೊಡಿ ಮಿಸ್. ಮನೇಲಿ ಇನ್ನೂ ಒಂದ್ ಮೂಟೆ ಐತೆ.’

ನಾನೂ ಸುಮ್ಮನಾಗಲಿಲ್ಲ. ರಾತ್ರಿ ಕೂತು ಬಾಟಲಿಯಲ್ಲಿ ಉಳಿದಿದ್ದ ಪಿಕ್ಕಕ್ಕೆಲ್ಲ ಕೆಂಪು ನೈಲ್ ಪಾಲಿಶ್ ಹಚ್ಚಿದೆ. ಇನ್ನು ಕೆಂಪು ಮಾತ್ರ ಅಸಲಿ ಅಂತ ಸಾರಿದೆ. ಎರಡೇ ದಿನಕ್ಕೆ ಕೋಣೆಯಲ್ಲಿ ಮುನ್ನೂರು ಕೆಂಪು ಪಿಕ್ಕ ಓಡಾಡುತ್ತಿದ್ದವು. ಕೆಲವು ಗುಲಾಬಿ ಬಣ್ಣದವೂ ಇದ್ದವು. ‘ನಮ್ಮಕ್ಕನತ್ರ ಇದೇ ಬಣ್ಣ ಇರೋದು ಮಿಸ್.’

ಶುಕ್ರವಾರ ಬಾಟಲಿ ಮುಚ್ಚಿಬಿಡೋಣ ಅಂತ ಎದ್ದೆ. ಆಗ ಒಂದನೇ ಕ್ಲಾಸಿನ ಒಬ್ಬ ಪುಟಾಣಿ ಮುಂದೆ ಬಂದು ನಿಂತ. ಇಡೀ ವರ್ಷ ಒಂದು ಪೆನ್ಸಿಲ್ಲನ್ನೂ ಕೇಳದವನು. ಕರ್ಚೀಫಿನ ಗಂಟು ಬಿಚ್ಚಿ ಎಣಿಸಿದ. ಇಪ್ಪತ್ತು. ಒಂದಕ್ಕೂ ಬಣ್ಣವಿಲ್ಲ, ಮುಟ್ಟಿ ಮುಟ್ಟಿ ನುಣುಪಾಗಿದ್ದವು. ಆಷಾಢದಿಂದ ಕೂಡಿಟ್ಟಿದ್ದನಂತೆ. ‘ಗಂಟೆ’ ಅಂದ.

ನನಗೆ ಗಂಟಲು ಕಟ್ಟಿತು. ಎರಡನೇ ಪೀರಿಯಡ್ ಮುಗಿಯುವ ಹೊತ್ತಾಗಿತ್ತು. ‘ಎರಡೇ ಏಟು ಕಂದಾ’ ಅಂತ ಹೇಳಿ, ಸ್ಟೂಲ್ ಹಾಕಿ ನಿಲ್ಲಿಸಿ, ಕಬ್ಬಿಣದ ಸಲಾಕೆ ಕೈಗೆ ಕೊಟ್ಟೆ. ಅವನು ಶುರು ಮಾಡಿದ. ನಿಲ್ಲಿಸಲಿಲ್ಲ. ಅದು ಅಪ್ಪಟ ಲಾಂಗ್ ಬೆಲ್. ನಾಲ್ಕು, ಐದನೇ ಕ್ಲಾಸಿನವರು ‘ಹೋ’ ಅಂತ ಬ್ಯಾಗ್ ಎತ್ತಿಕೊಂಡು ಗೇಟು ದಾಟಿದರು. ಬಿಸಿಯೂಟದ ಅಕ್ಕ ಸೌಟು ಹಿಡಿದು ಓಡಿ ಬಂದು ‘ಅಯ್ಯೋ, ಅನ್ನ ಇನ್ನೂ ಬೆಂದಿಲ್ಲ!’ ಅಂತ ಕೂಗಿದರು. ಹೆಚ್.ಎಂ. ಸಾರ್ ಫೋನ್ ಕಿವಿಗಿಟ್ಟುಕೊಂಡೇ ಹೊರಗೆ ಬಂದು ನನ್ನ ಕಡೆ ನೋಡಿದರು.

‘ಎರಡೇ ಏಟು ಅಂದಿದ್ನಲ್ಲೋ!’ ಅಂದೆ.

ಸಲಾಕೆ ಕೆಳಗಿಳಿಸದೆ ಅವನು ನನ್ನನ್ನೇ ನೋಡಿದ. ‘ಇಪ್ಪತ್ತು ಪಿಕ್ಕ ಕೊಟ್ಟಿವ್ನಿ ಮಿಸ್. ಇನ್ನೂ ಹದಿನೇಳೇ ಆಗಿರೋದು.’