ಗೋಡೆಯೊಳಗಿನ ನೀಲಿ ತುದಿಯ ತಂತಿ

ಕಳೆದ ಭಾನುವಾರ ಡೊಂಬಿವಲಿಯಲ್ಲಿ ನಮ್ಮ ಪುಟ್ಟ ಕನ್ನಡ ಬಳಗದ ಸಭೆಯಿತ್ತು. ರಾಜ್ಯೋತ್ಸವದ ಮಾತು ಹೇಗೋ ಸಭಾಂಗಣದ ಪ್ರೊಜೆಕ್ಟರಿನ ಕಡೆಗೆ ಹೊರಳಿತು. ಐರೋಲಿಯಲ್ಲಿ ಒಳ್ಳೆಯ ಕೆಲಸದಲ್ಲಿರುವ, ಈಚೆಗಷ್ಟೇ ಬಳಗ ಸೇರಿದ ಹುಡುಗನೊಬ್ಬ ಎದ್ದು ನಿಂತ. “ಅಣ್ಣ, ನಾವಿನ್ನೂ ವಿಜಿಎ ಕೇಬಲ್ ಹಿಡಿದುಕೊಂಡು ಕೂತಿದ್ದೇವೆ. ಬಂದ ಅತಿಥಿಗಳ ಎದುರು ನಾಚಿಕೆಯಾಗುತ್ತದೆ. ಎಲ್ಲವನ್ನೂ ಕಿತ್ತು ಎಸೆದು ಹೊಸದು ಹಾಕೋಣ” ಎಂದ. ಹಲವರು ತಲೆಯಾಡಿಸಿದರು. ಹೊತ್ತಾಗಿದ್ದರಿಂದ ನಾನು ಒಂದೆರಡು ಮಾತಷ್ಟೇ ಆಡಿದೆ. ಇಪ್ಪತ್ತೆರಡು ವರ್ಷಗಳಿಂದ ಮುಂಬಯಿಯ ಕಚೇರಿ, ಹೋಟೆಲು, ಶಾಲೆ, ದವಾಖಾನೆಗಳಲ್ಲಿ ಕಂಪ್ಯೂಟರ್ ಜೋಡಿಸಿ, ರಿಪೇರಿ ಮಾಡಿ ಬದುಕಿದವನು ನಾನು. ಆ ‘ನಾಚಿಕೆ’ ಎಂಬ ಮಾತು ಮನಸ್ಸಿನಿಂದ ಹೋಗಲೇ ಇಲ್ಲ. ಅಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಆ ಹುಡುಗನ ಪಾಲಿನ ಸತ್ಯವನ್ನು ಒಪ್ಪಿಕೊಳ್ಳುತ್ತೇನೆ. ಕಂಪ್ಯೂಟರಿನ ಚಿತ್ರವನ್ನು ಪರದೆಗೆ ಒಯ್ಯುವ, ನೀಲಿ ತುದಿಯ ಈ ವಿಜಿಎ ತಂತಿ ಹಳೆಯದು, ಬಹಳ ಹಳೆಯದು. ಐಬಿಎಂ ಕಂಪನಿ 1987ರಲ್ಲಿ ತನ್ನ ಪಿಎಸ್/2 ಕಂಪ್ಯೂಟರುಗಳ ಜೊತೆ ಇದನ್ನು ತಂದಿತು. ಆಗ ಅದರ ದೊಡ್ಡ ಹೆಮ್ಮೆಯೆಂದರೆ ಅಗಲಕ್ಕೆ 640, ಎತ್ತರಕ್ಕೆ 480 ಚುಕ್ಕಿಗಳು, ಅದರಲ್ಲಿ 16 ಬಣ್ಣ. ಇಂದು ಅದೇ ಹದಿನೈದು ಪಿನ್ನುಗಳ ತುದಿಯಲ್ಲಿ 1920×1080 ಚುಕ್ಕಿಗಳ ಚಿತ್ರ ಹರಿಯುತ್ತಿದೆ. ಇದು ಸಾಧ್ಯವಾದದ್ದು ಹೇಗೆಂದರೆ, ಆ ತಂತಿಯಲ್ಲಿ ಅಂಕಿಗಳು ಓಡುವುದಿಲ್ಲ. ಕೆಂಪು, ಹಸಿರು, ನೀಲಿ ಪ್ರತಿಯೊಂದಕ್ಕೂ ಒಂದೊಂದು ತಂತಿ. ಬಣ್ಣ ಎಷ್ಟು ಪ್ರಖರವೋ ಅಷ್ಟು ವೋಲ್ಟೇಜು, ಸೊನ್ನೆಯಿಂದ ಸುಮಾರು 0.7 ವೋಲ್ಟಿನವರೆಗೆ. ಸಾಲು ಎಲ್ಲಿ ಮುಗಿಯಿತು, ಪುಟ ಎಲ್ಲಿ ಮುಗಿಯಿತು ಎಂದು ಹೇಳಲು ಇನ್ನೆರಡು ತಂತಿ. ಇಷ್ಟೇ ಚುಕ್ಕಿ ಇರಬೇಕೆಂಬ ಕಟ್ಟುಪಾಡು ಇರಲಿಲ್ಲವಾದ್ದರಿಂದ ಚಿತ್ರ ಕಳಿಸುವ ಯಂತ್ರ ಬೆಳೆದ ಹಾಗೆ ತಂತಿಯೂ ತನ್ನ ಶಕ್ತಿ ಮುಗಿಯುವವರೆಗೆ ಹೊತ್ತುಕೊಂಡು ಬಂತು.

ಈ ಐದು ತಂತಿಗಳ ಸರಳತೆಯನ್ನು ನಾನು ಕೈಯಾರೆ ಬಲ್ಲೆ. ಕೆಲಸ ಕಲಿಯುವಾಗ ನನ್ನ ಗುರುಗಳು ಮೀಟರ್ ಮುಟ್ಟುವ ಮೊದಲು ಪರದೆ ನೋಡು ಎನ್ನುತ್ತಿದ್ದರು. ಬಿಳಿ ಇರಬೇಕಾದಲ್ಲಿ ಹಳದಿ ಕಂಡರೆ ನೀಲಿ ಹೋಗಿದೆ, ಮೂರನೆಯ ಪಿನ್ ನೋಡು. ಗುಲಾಬಿ ಮಿಶ್ರಿತ ನೇರಳೆ ಕಂಡರೆ ಹಸಿರು ಹೋಗಿದೆ, ಎರಡನೆಯದು. ನೀರಿನಂಥ ನೀಲಿಹಸಿರು ಕಂಡರೆ ಕೆಂಪು, ಮೊದಲನೆಯದು. ಬಾಗಿದ ಪಿನ್ನನ್ನು ಸಣ್ಣ ಇಕ್ಕಳದಿಂದ ನೇರ ಮಾಡಿ ಮತ್ತೆ ಚುಚ್ಚಿದರೆ ಬಿಳಿ ಬಿಳಿಯಾಗಿಯೇ ಬರುತ್ತಿತ್ತು. ಯಾವ ಪುಸ್ತಕವನ್ನೂ ಓದದ ಸಹಾಯಕ ಹುಡುಗರೂ ಒಂದು ವಾರದಲ್ಲಿ ಇದನ್ನು ಕಲಿಯುತ್ತಿದ್ದರು. ತಾನು ಎಲ್ಲಿ ಕೆಟ್ಟಿದ್ದೇನೆಂದು ತಾನೇ ಬಣ್ಣದಲ್ಲಿ ಹೇಳುವ ತಂತಿ ಅದು.

ಹೊಸ ತಂತಿಗಳು ಹಾಗಲ್ಲ. ಈಗಿನ ಟಿವಿ, ಲ್ಯಾಪ್‌ಟಾಪುಗಳಲ್ಲಿ ಕಾಣುವ ಎಚ್‌ಡಿಎಂಐ ತಂತಿ ಹಾಕಿದಾಗ ಎರಡೂ ಕಡೆಯ ಯಂತ್ರಗಳು ಮೊದಲು ಮಾತನಾಡಿಕೊಳ್ಳಬೇಕು. ನೀನು ಯಾರು, ಎಷ್ಟು ಚುಕ್ಕಿ ತೋರಿಸಬಲ್ಲೆ ಎಂದು ಕೇಳಿ ಉತ್ತರ ಪಡೆಯಬೇಕು. ಸಂರಕ್ಷಿತ ಸಿನಿಮಾ ಆದರೆ ನಕಲು ತಡೆಯುವ ಎಚ್‌ಡಿಸಿಪಿ ಪರೀಕ್ಷೆಯೂ ಸೇರುತ್ತದೆ. ಈ ಮಾತುಕತೆಯಲ್ಲಿ ಎಲ್ಲೋ ಒಂದು ಕಡೆ ತಪ್ಪಿದರೆ ಪರದೆ ಕಪ್ಪು. ನಡುವೆ ಒಂದೇ ಚಿತ್ರವನ್ನು ಹಲವು ಪರದೆಗಳಿಗೆ ಹಂಚುವ ಅಗ್ಗದ ಸ್ಪ್ಲಿಟರ್ ಇದ್ದರಂತೂ ತಪ್ಪುವ ಸಂಭವ ಇನ್ನೂ ಹೆಚ್ಚು. ಮುನ್ನೂರು ಜನ ಕೂತಿರುವಾಗ, ಉದ್ಘಾಟಕರು ಮೈಕಿನ ಮುಂದೆ ನಿಂತಿರುವಾಗ ಬರುವ ಆ ಕಪ್ಪು ಪರದೆಯನ್ನು ಎದುರಿಸಿದವರಿಗೆ ಮಾತ್ರ ನಾನು ಹೇಳುತ್ತಿರುವುದು ಅರ್ಥವಾದೀತು. ಆ ಹೊತ್ತಿನಲ್ಲಿ ಹಳದಿಯಾದರೂ ಸರಿ, ಮಸುಕಾದರೂ ಸರಿ, ಏನೋ ಒಂದು ಚಿತ್ರ ಮೂಡಿದ್ದರೆ ಕಾರ್ಯಕ್ರಮ ನಡೆದುಹೋಗುತ್ತಿತ್ತು. ವಿಜಿಎಯಲ್ಲೂ ಪರದೆಯ ಗುರುತು ಕೇಳುವ ವ್ಯವಸ್ಥೆಯನ್ನು ಆಮೇಲೆ ಸೇರಿಸಿದರು. ಆದರೆ ಉತ್ತರ ಬಾರದಿದ್ದರೂ ಸಾಮಾನ್ಯವಾಗಿ ಕಡಿಮೆ ಚುಕ್ಕಿಯ ಚಿತ್ರವನ್ನಾದರೂ ಅದು ಕಳಿಸುತ್ತದೆ.

ಈಗ ನಮ್ಮ ಸಭಾಂಗಣದ ಗೋಡೆಯ ವಿಷಯ. ವೇದಿಕೆಯಿಂದ ಛಾವಣಿಯ ಪ್ರೊಜೆಕ್ಟರಿನವರೆಗೆ ಸುಮಾರು ಹದಿನೈದು ಮೀಟರ್ ದೂರ. ಪ್ಲಾಸ್ಟರಿನ ಒಳಗೆ ಪೈಪ್ ಹೂತು, ಅದರೊಳಗೆ ವಿಜಿಎ ತಂತಿ ಎಳೆದವನು ನಾನೇ. ಪೈಪಿನಲ್ಲಿ ಎರಡು ಕಡೆ ತಿರುವಿದೆ. ಕನೆಕ್ಟರಿನ ತಲೆ ಅಲ್ಲಿ ತೂರುವುದಿಲ್ಲ. ತಲೆಯಿಲ್ಲದ ತಂತಿಯನ್ನು ಎಳೆದು, ಏಣಿಯ ಮೇಲೆ ನಿಂತು, ಅಲ್ಲೇ ಒಂದೊಂದಾಗಿ ಪಿನ್ನುಗಳಿಗೆ ಬೆಸುಗೆ ಹಾಕಿದೆ. ಎಚ್‌ಡಿಎಂಐಯ ಹತ್ತೊಂಬತ್ತು ಸೂಕ್ಷ್ಮ ಸಂಪರ್ಕಗಳಿಗೆ ಏಣಿಯ ಮೇಲೆ ನಿಂತು ಬೆಸುಗೆ ಹಾಕಿ ಸರಿಯಾಗಿ ಓಡಿಸುವವರನ್ನು ನಾನು ಕಂಡಿಲ್ಲ. ಅದನ್ನು ಕಾರ್ಖಾನೆಯಲ್ಲಿ ತಯಾರಾದ ಹಾಗೆಯೇ ಹಾಕಬೇಕು. ಅಂದರೆ ಗೋಡೆ ಒಡೆಯಬೇಕು, ಸೊಸೈಟಿಯ ಅನುಮತಿ ಬೇಕು, ಪ್ಲಾಸ್ಟರ್, ಬಣ್ಣ. ಆ ದೂರಕ್ಕೆ ಸಾಮಾನ್ಯ ಎಚ್‌ಡಿಎಂಐ ತಂತಿಯನ್ನು ನಂಬುವಂತಿಲ್ಲ. ನಡುವೆ ಸಂಕೇತ ಬಲಪಡಿಸುವ ಚಿಪ್ ಇರುವುದು ಅಥವಾ ಬೆಳಕಿನ ಮೂಲಕ ಸಂಕೇತ ಒಯ್ಯುವ ಆಪ್ಟಿಕಲ್ ತಂತಿ ಬೇಕಾಗುತ್ತದೆ. ಒಂದು ಕೇಬಲ್ ಬದಲಾಯಿಸುವುದೆಂದು ಶುರುವಾದದ್ದು ಬಳಗದ ಒಂದು ವರ್ಷದ ವಂತಿಗೆಯನ್ನು ನುಂಗುತ್ತದೆ.

ನನ್ನ ವಾದವೆಲ್ಲ ಇಲ್ಲೇ ಇದೆ. ಕನೆಕ್ಟರ್ ಎಂದರೆ ಎರಡು ತುದಿಗಳ ನಡುವಿನ ಒಪ್ಪಂದ. ಒಂದು ತುದಿ ಹೊಸ ಲ್ಯಾಪ್‌ಟಾಪ್ ತಯಾರಿಸುವ ಕಂಪನಿಯ ಕೈಯಲ್ಲಿದೆ. ಇನ್ನೊಂದು ತುದಿ ಶಾಲೆಯ ಗೋಡೆಯಲ್ಲಿ, ದವಾಖಾನೆಯ ಹಳೆಯ ಯಂತ್ರದಲ್ಲಿ, ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದ ಮಾನಿಟರಿನಲ್ಲಿದೆ. ಮೊದಲನೆಯವರು ಒಂದು ಮಾದರಿಯಿಂದ ಇನ್ನೊಂದಕ್ಕೆ ಜಿಗಿಯುವಾಗ ತೂತು ಬದಲಿಸಿಬಿಡಬಹುದು. ಅದರ ಖರ್ಚು ಬೀಳುವುದು ಎರಡನೆಯವರ ಮೇಲೆ. ಹೊಸದರಿಂದ ಲಾಭ ಪಡೆಯುವವರು ಒಬ್ಬರು, ಗೋಡೆ ಒಡೆಸುವವರು ಇನ್ನೊಬ್ಬರು. ಹೀಗಿರುವಾಗ ಎರಡನೆಯವರು ನಿಧಾನ ಮಾಡಿದರೆ ಅದನ್ನು ಹಿಂದುಳಿದಿರುವಿಕೆ ಎನ್ನುವುದು ನ್ಯಾಯವಲ್ಲ.

ದೊಡ್ಡವರು ಪ್ರಯತ್ನಿಸಲಿಲ್ಲ ಎಂದಲ್ಲ. 2010ರ ಡಿಸೆಂಬರಿನಲ್ಲಿ ಇಂಟೆಲ್, ಎಎಂಡಿ, ಡೆಲ್, ಲೆನೊವೊ, ಸ್ಯಾಮ್‌ಸಂಗ್, ಎಲ್‌ಜಿ ಸೇರಿ 2015ರ ವೇಳೆಗೆ ವಿಜಿಎಯನ್ನು ಕೈಬಿಡುವ ಯೋಜನೆ ಪ್ರಕಟಿಸಿದವು. 2015ರಲ್ಲಿ ಬಂದ ಸ್ಕೈಲೇಕ್ ಪ್ರೊಸೆಸರುಗಳಲ್ಲಿ ಇಂಟೆಲ್ ವಿಜಿಎಗೆ ನೇರ ಬೆಂಬಲವನ್ನು ತೆಗೆದೂ ಹಾಕಿತು. ಆಮೇಲೆ ಏನಾಯಿತು? ಕಂಪ್ಯೂಟರಿನ ಮುಖ್ಯ ಹಲಗೆಯಾದ ಮದರ್‌ಬೋರ್ಡ್ ಮಾಡುವ ಹಲವು ತಯಾರಕರು ಡಿಜಿಟಲ್ ಸಂಕೇತವನ್ನು ಮರಳಿ ವಿಜಿಎಗೆ ತಿರುಗಿಸುವ ಒಂದು ಪುಟ್ಟ ಚಿಪ್ಪನ್ನು ತಮ್ಮ ಖರ್ಚಿನಲ್ಲೇ ಸೇರಿಸಿ, ಅದೇ ನೀಲಿ ತೂತನ್ನು ಹಿಂದೆ ಇಟ್ಟು ಮಾರಿದರು. ಗಿರಾಕಿಯ ಮೇಜಿನ ಮೇಲೆ ಏನಿದೆ ಎಂದು ಅವರಿಗೆ ಗೊತ್ತಿತ್ತು.

ಐರೋಲಿಯ ಆ ಹುಡುಗನಿಗೆ ಇನ್ನೊಂದನ್ನು ನೆನಪಿಸಬೇಕು. ಅವನ ಕಚೇರಿಯ ಸರ್ವರ್ ಕೋಣೆಗೆ ಹೋಗಿ ಲಕ್ಷಗಟ್ಟಲೆ ಬೆಲೆಯ ಯಂತ್ರಗಳ ಹಿಂಬದಿ ನೋಡಲಿ. ಅವುಗಳಲ್ಲಿ ಬಹಳಷ್ಟರಲ್ಲಿ ಇರುವುದು ಇದೇ ವಿಜಿಎ. ಆ ಯಂತ್ರ ಸತ್ತು ಬಿದ್ದಾಗ ನಾಲ್ಕು ಸಾಲು ಅಕ್ಷರ ಓದಲು ಮಾತ್ರ ಅದಕ್ಕೆ ಪರದೆ ಬೇಕು. ಅಂಥ ಹೊತ್ತಿನಲ್ಲಿ ತಳ್ಳುಗಾಡಿಯ ಮೇಲಿಟ್ಟ ಹಳೆಯ ಮಾನಿಟರ್ ಎಲ್ಲಕ್ಕೂ ಹೊಂದಬೇಕು, ಎರಡೂ ಪಕ್ಕದ ಸ್ಕ್ರೂ ತಿರುಗಿಸಿದರೆ ಬಿಗಿಯಾಗಿ ಕೂರಬೇಕು. ಅಲ್ಲಿ ಯಾರೂ ನಾಚಿಕೆಯ ಮಾತಾಡುವುದಿಲ್ಲ.

ಹೊಸದೆಲ್ಲ ಕೆಟ್ಟದ್ದು ಎಂಬ ಹಟ ನನಗಿಲ್ಲ. ನನ್ನ ಮನೆಯ ಮೇಜಿನ ಮೇಲೆ ಡಿಸ್‌ಪ್ಲೇಪೋರ್ಟ್ ಎಂಬ ಹೊಸ ಡಿಜಿಟಲ್ ತಂತಿಯೇ ಇದೆ, ಸಣ್ಣ ಅಕ್ಷರ ಓದುವವರಿಗೆ ಅದೇ ಸರಿ. ಎಲ್‌ಸಿಡಿ ಪರದೆಗೆ ವಿಜಿಎ ಹಾಕಿದರೆ ಅಂಕಿಯನ್ನು ವೋಲ್ಟೇಜು ಮಾಡಿ, ಮತ್ತೆ ವೋಲ್ಟೇಜನ್ನು ಅಂಕಿ ಮಾಡಬೇಕು. ಅಕ್ಷರದ ಅಂಚು ಅಲ್ಲಿ ಮಸುಕಾಗುತ್ತದೆ, ‘ಆಟೋ’ ಗುಂಡಿ ಒತ್ತಿ ಸರಿಪಡಿಸಿಕೊಳ್ಳಬೇಕಾಗುತ್ತದೆ. ಉದ್ದನೆಯ ಕಳಪೆ ತಂತಿಯಲ್ಲಿ ಅಕ್ಷರದ ಪಕ್ಕ ಅದರ ನೆರಳು ಬೀಳುತ್ತದೆ. ಮುಂಬಯಿಯ ಸಮುದ್ರದ ಗಾಳಿಗೆ ಸ್ಕ್ರೂ ತುಕ್ಕು ಹಿಡಿಯುತ್ತದೆ. ಧ್ವನಿ ಬರುವುದೇ ಇಲ್ಲ. ಧ್ವನಿಯ ವಿಷಯದಲ್ಲಿ ಮಾತ್ರ ನನಗೆ ಬೇರೆ ಅನುಭವವಿದೆ: ತಾಳಮದ್ದಳೆಯ ವಿಡಿಯೋ ಹಾಕಿದಾಗ ಎಚ್‌ಡಿಎಂಐ ಮೂಲಕ ಹೋದ ಭಾಗವತರ ದನಿ ಛಾವಣಿಯ ಪ್ರೊಜೆಕ್ಟರಿನ ಪುಟ್ಟ ಸ್ಪೀಕರಿನಲ್ಲಿ ಕ್ಷೀಣವಾಗಿ ಕೇಳಿಸುತ್ತದೆ, ಸಭಾಂಗಣದ ಧ್ವನಿ ಮಿಕ್ಸರಿಗೆ ಹೇಗೂ ಬೇರೆ ತಂತಿ ಎಳೆಯಲೇಬೇಕು.

ಯುಎಸ್‌ಬಿ-ಸಿ ಬಗ್ಗೆ ನನಗೆ ನಿಜವಾದ ಸಿಟ್ಟಿದೆ. 2014ರಲ್ಲಿ ಬಂದ ಈ ತುದಿ ನೋಡಲು ಚೆಂದ, ತಲೆಕೆಳಗಾಗಿ ಹಾಕಿದರೂ ಕೂರುತ್ತದೆ. ಆದರೆ ಒಂದೇ ಆಕಾರದ ತೂತು ಒಂದು ಲ್ಯಾಪ್‌ಟಾಪಿನಲ್ಲಿ ಚಿತ್ರ ಕೊಡುತ್ತದೆ, ಇನ್ನೊಂದರಲ್ಲಿ ಬರೀ ಕಡತ ಸಾಗಿಸುತ್ತದೆ ಅಥವಾ ಚಾರ್ಜ್ ಆಗುತ್ತದೆ. ತಂತಿಗಳದ್ದೂ ಇದೇ ಕಥೆ. ಹೊರಗಿನಿಂದ ನೋಡಿ ಹೇಳಲು ಬಹುಮಟ್ಟಿಗೆ ಸಾಧ್ಯವಿಲ್ಲ. ನಿವೃತ್ತ ಶಿಕ್ಷಕಿಯೊಬ್ಬರು ಪೇಟೆಯಿಂದ ಅಡಾಪ್ಟರ್ ತಂದು, ಚಿತ್ರ ಬಾರದೆ, ತಮಗೇ ಏನೂ ತಿಳಿಯದೆಂದು ನೊಂದುಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಪ್ಪು ಅವರದ್ದಾಗಿರಲಿಲ್ಲ. ನೀಲಿ ತೂತು ಕಂಡರೆ ಅದು ಚಿತ್ರದ ತೂತು ಎಂದು ಯಾರು ಬೇಕಾದರೂ ತಿಳಿಯಬಹುದಿತ್ತು.

ಸಭೆಯಲ್ಲಿ ಕೊನೆಗೆ ಅಧ್ಯಕ್ಷರು ನನ್ನ ಕಡೆ ತಿರುಗಿ, “ಅತಿಥಿಗಳಿಗೂ ತೊಂದರೆಯಾಗಬಾರದು, ಗೋಡೆಯನ್ನೂ ಒಡೆಯಬಾರದು. ಏನು ಮಾಡಬಹುದು ನೋಡಿ” ಎಂದರು. ಮರುದಿನವೇ ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಎಚ್‌ಡಿಎಂಐಯಿಂದ ವಿಜಿಎಗೆ ತಿರುಗಿಸುವ ಕನ್ವರ್ಟರ್ ಒಂದು, ಚಿತ್ರ ಕೊಡುವ ಯುಎಸ್‌ಬಿ-ಸಿಯಿಂದ ವಿಜಿಎಗೆ ಇನ್ನೊಂದು ತಂದೆ. ನೀವೂ ಕೊಳ್ಳುವುದಾದರೆ ದಿಕ್ಕು ನೋಡಿ ಕೊಳ್ಳಿ. ಲ್ಯಾಪ್‌ಟಾಪಿನ ಎಚ್‌ಡಿಎಂಐಯಿಂದ ಹಳೆಯ ಪರದೆಗೆ ಹೋಗುವುದು ಒಂದು, ಹಳೆಯ ಕಂಪ್ಯೂಟರಿನ ವಿಜಿಎಯಿಂದ ಹೊಸ ಟಿವಿಗೆ ಹೋಗುವುದು ಬೇರೆಯೇ. ಒಳಗೆ ಸಂಕೇತವನ್ನು ತಿರುಗಿಸುವ ಚಿಪ್ ಇರುವುದರಿಂದ ಒಂದನ್ನು ತಿರುವುಮುರುವು ಹಾಕಿದರೆ ನಡೆಯುವುದಿಲ್ಲ. ಹಣ ಕೊಟ್ಟು ತಂದು, ಕೆಟ್ಟದ್ದೆಂದು ಮೂಲೆಗೆ ಎಸೆದಿರುವ ಕನ್ವರ್ಟರುಗಳಲ್ಲಿ ಅರ್ಧದಷ್ಟಾದರೂ ಹೀಗೆ ದಿಕ್ಕು ತಪ್ಪಿದವೇ ಎಂಬುದು ನನ್ನ ಅನುಭವ.

ಎರಡನ್ನೂ ವೇದಿಕೆಯ ಮೇಜಿಗೆ ಸಣ್ಣ ಸರಪಳಿಯಿಂದ ಕಟ್ಟಿ, ಮೇಲೆ ಕನ್ನಡದಲ್ಲಿ ಚೀಟಿ ಅಂಟಿಸಿದ್ದೇನೆ. ಆ ಹುಡುಗನೇ ಏಣಿ ಹಿಡಿದು ನಿಂತಿದ್ದ. ಪ್ರೊಜೆಕ್ಟರಿನ ತುದಿಯ ಸ್ಕ್ರೂಗಳನ್ನು ಅವನೇ ಬಿಗಿಮಾಡಿದ. ಈಗ ಬಳಗದ ಗ್ರಂಥಾಲಯದ ಎರಡು ಹಳೆಯ ಮಾನಿಟರುಗಳಿಗೆ ತಂತಿ ಬೇಕಾಗಿದೆ. ಠಾಣೆಯಿಂದ ಕಲ್ಯಾಣದವರೆಗೆ ಯಾರ ಮನೆಯ ಮಾಳಿಗೆಯಲ್ಲಾದರೂ ಪಿನ್ನು ನೆಟ್ಟಗಿರುವ, ದಪ್ಪನೆಯ ವಿಜಿಎ ಕೇಬಲ್ ಸುಮ್ಮನೆ ಬಿದ್ದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಇಲ್ಲಿ ಒಂದು ಮಾತು ಬರೆಯಿರಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.